ಕುದುರೆಗೆ ಹೋದ ಕಿಟಕಿ ಸೀಟು

2013ರ ನವೆಂಬರ್ 17, ಭಾನುವಾರ. ಡೊಂಬಿವಲಿಯಲ್ಲಿ ಬೆಳಿಗ್ಗೆ ತೆಳು ಮಂಜು, ಹತ್ತು ಗಂಟೆಗೆಲ್ಲ ಬಿಸಿಲು, ಗಾಳಿ ಇಲ್ಲ. ಅಂದು ನಮ್ಮ ಕನ್ನಡ ಸಂಘದ ಚೆಸ್ ಪಂದ್ಯದಲ್ಲಿ ನಡೆದದ್ದನ್ನು ಹೇಳಬೇಕು. ಆದರೆ ಇಂಥವು ಒಂದೇ ದಿನದಲ್ಲಿ ಆಗುವಂಥವಲ್ಲ. ಇಬ್ಬರು ಬಾಯಿ ಮುಚ್ಚಿಕೊಂಡು ಆಡುತ್ತಿದ್ದರೆ ಸುತ್ತ ನಿಂತ ಹತ್ತು ಜನರ ಬಾಯಿ ತುರಿಸುತ್ತದೆ, ಅಲ್ಲಿಂದ ಮುಂದೆ ಏನಾದರೊಂದು ಆಗುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಹಿಂದಿನಿಂದ.

ಸುರಂಗ

ನಮ್ಮದು ಬೆಳಗಿನ ಫಾಸ್ಟ್ ಲೋಕಲ್‌ನ ಗುಂಪು. ಡೊಂಬಿವಲಿಯಲ್ಲೇ ಹೊರಡುವ ಗಾಡಿ. ಕಿಟಕಿ ಸೀಟು, ನಾವು ಬ್ಯಾಂಕಿನವರು ಎಂದೇ ಕರೆಯುತ್ತಿದ್ದ ಒಬ್ಬರದು. ಮೈಸೂರಿನವರು, ಸಂಘದ ಚೆಸ್ ಕಪ್ಪನ್ನು ವರ್ಷಾವರ್ಷ ಮನೆಗೆ ಒಯ್ಯುವವರು. ಆ ಸೀಟು ಅವರಿಗೆ ಎಷ್ಟೋ ವರ್ಷಗಳ ಓಡಾಟದಿಂದ ದಕ್ಕಿದ್ದು. ಅದೇ ಬೆಂಚಿನ ಇನ್ನೊಂದು ತುದಿ ಹೋಟೆಲಿನವರದು. ಕಾರ್ಕಳದ ಕಡೆಯವರು, ಊರಲ್ಲಿದ್ದಾಗ ಕಂಬಳದಲ್ಲಿ ಮೈಕ್ ಹಿಡಿದವರು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಕೂರುವುದಕ್ಕೆ ಇಲ್ಲಿ ಚೌಥಿ ಸೀಟ್ ಎನ್ನುತ್ತಾರೆ. ಅರ್ಧ ದೇಹ ಸೀಟಿನ ಮೇಲೆ, ಉಳಿದರ್ಧ ದೇವರ ಮೇಲೆ.

ಒಂದು ಸಂಜೆ ಒಟ್ಟಿಗೇ ವಾಪಸ್ಸು ಬರುತ್ತಿದ್ದೆವು. ಎಲ್ಲೋ ಪರದೇಶದಲ್ಲಿ ನಮ್ಮವನೊಬ್ಬ ಚೆಸ್ ಆಡುತ್ತಿದ್ದ. ಹೋಟೆಲಿನವರು ಮೊಬೈಲಿನಲ್ಲಿ ಕಾಮೆಂಟರಿ ಓದಿ ಹೇಳುತ್ತಿದ್ದರು: ಪಂದ್ಯ ಡ್ರಾ ಆಗಬಹುದಂತೆ. ಕಾಮೆಂಟರಿ ಹೇಳುವವರಿಗೆ ಆಟ ಬರುವುದಿಲ್ಲ, ಇದು ಗೆದ್ದ ಪಂದ್ಯ ಎಂದು ಬ್ಯಾಂಕಿನವರು ತಳ್ಳಿಹಾಕಿದರು. ಅಷ್ಟರಲ್ಲಿ ಗಾಡಿ ಪಾರ್ಸಿಕ್ ಸುರಂಗ ಹೊಕ್ಕಿತು, ನೆಟ್ ಹೋಯಿತು. ಆ ಕತ್ತಲಲ್ಲಿ ಬ್ಯಾಂಕಿನವರು ನಮ್ಮವನು ಹೇಗೆ ಗೆಲ್ಲುತ್ತಾನೆಂಬುದನ್ನು ನಡೆ ನಡೆಯಾಗಿ ವಿವರಿಸಿ, ಎದುರಾಳಿಯ ರಾಜನನ್ನು ಮೂಲೆಗೆ ಒತ್ತಿ ನಿಲ್ಲಿಸಿದರು. ಮುಂಬ್ರಾ ಹತ್ತಿರ ನೆಟ್ ಬಂತು. ನಮ್ಮವನು ಸೋಲೊಪ್ಪಿ ಎದ್ದುಹೋಗಿದ್ದ.

ಹೋಟೆಲಿನವರು ಮೊಬೈಲು ಜೇಬಿಗಿಟ್ಟು ಹೇಳಿದರು, "ಸುರಂಗದೊಳಗೆ ಗೆದ್ದದ್ದು ಲೆಕ್ಕಕ್ಕಿಲ್ಲ ಮಾರ್ರೆ."

ಸ್ಕೂಟರು

2012ರ ಪಂದ್ಯಕ್ಕೆ ಜನ ಬರಲಿಲ್ಲವೆಂದು ಸಂಘದವರು ಹೋಟೆಲಿನವರ ಕೈಗೆ ಮೈಕ್ ಕೊಟ್ಟರು. ಕೋಣಗಳ ಓಟ ನೋಡಿದವರಿಗೆ ಚೆಸ್ಸು ಕಷ್ಟ. "ಯೋಚಿಸ್ತಾ ಇದ್ದಾರೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಯೋಚಿಸ್ತಾ ಇದ್ದಾರೆ." ಆಮೇಲೆ ಹೇಳಲು ಏನೂ ಉಳಿಯದೆ ಆಟಗಾರರ ಅಂಗಿಯ ಬಣ್ಣ, ಮಧ್ಯಾಹ್ನದ ಊಟಕ್ಕೆ ಏನೇನುಂಟು, ಎಲ್ಲ ಹೇಳಿದರು. ಅದೂ ಮುಗಿದಾಗ ವಾಚ್‌ಮನ್ ಬಂದು ಕಿವಿಯಲ್ಲಿ ಏನೋ ಉಸುರಿದ. ಅದನ್ನೂ ಹೇಳಿದರು: ಗೇಟಿಗೆ ಅಡ್ಡ ನಿಂತ ಕೆಂಪು ಸ್ಕೂಟರನ್ನು ಹವಾಲ್ದಾರರು ಟೆಂಪೋಗೆ ಏರಿಸ್ತಾ ಇದ್ದಾರೆ.

ಬ್ಯಾಂಕಿನವರ ಎದುರು ಗೆಲ್ಲುವ ಹಂತದಲ್ಲಿದ್ದ ಅಂಬರನಾಥದ ಇಂಜಿನಿಯರರು ಎದ್ದು ಓಡಿದರು. ಸ್ಕೂಟರ್ ಬಿಡಿಸಿಕೊಂಡು ಬರುವಷ್ಟರಲ್ಲಿ ಪಂದ್ಯದ ಗಡಿಯಾರದಲ್ಲಿ ಅವರ ಸಮಯ ಮುಗಿದಿತ್ತು. ಕಪ್ಪು ಮತ್ತೆ ಬ್ಯಾಂಕಿನವರ ಮನೆಗೆ ಹೋಯಿತು.

ಮಾರನೆಯ ದಿನ ಗಾಡಿಯಲ್ಲಿ ವಾದವೋ ವಾದ. ಕಾಮೆಂಟರಿ ಆಟವನ್ನು ಕೆಡಿಸುತ್ತದೆ ಎಂದು ಒಂದು ಬೆಂಚು, ಕಾಮೆಂಟರಿಯಿಂದಲೇ ಆಟಕ್ಕೆ ಜೀವ ಎಂದು ಎದುರು ಬೆಂಚು. ನಿಜವಾದ ಆಟಗಾರನಿಗೆ ಕಿವಿ ಕೇಳಿಸುವುದೇ ಇಲ್ಲ ಎಂದರು ಬ್ಯಾಂಕಿನವರು. ಸ್ಕೂಟರ್ ಇಲ್ಲದವರು ಹಾಗೆ ಹೇಳುವುದು ಸುಲಭ ಎಂದರು ಹೋಟೆಲಿನವರು. ಮಾತಿಗೆ ಮಾತು ಬೆಳೆದು ಬ್ಯಾಂಕಿನವರು ಎಲ್ಲರೆದುರು ಹೇಳಿಬಿಟ್ಟರು, "ನೋಡ್ರೀ, ಮುಂದಿನ ಸಲ ನಿಮ್ಮ ಮೈಕ್ ಎದುರಿಗೇ ಆಡ್ತೀನಿ. ಕಪ್ ತಪ್ಪಿದ್ರೆ ಈ ಕಿಟಕಿ ಒಂದು ವರ್ಷ ನಿಮ್ದು."

ಹೋಟೆಲಿನವರು ಕಿಟಕಿಯನ್ನು ಒಮ್ಮೆ ನೋಡಿದರು. ಮನೆ ಕೊಳ್ಳುವವರು ನೋಡುವ ಹಾಗೆ.

ಕುದುರೆ

ಹೀಗೆ ಆ ಭಾನುವಾರ ಬಂತು. ಫೈನಲ್‌ನಲ್ಲಿ ಬ್ಯಾಂಕಿನವರ ಎದುರು ಖಾರಘರದ ಕಾಲೇಜು ಹುಡುಗಿ. ಮನೆಯಲ್ಲಿ ಕನ್ನಡ ಕೇಳಿ ಮರಾಠಿಯಲ್ಲಿ ಉತ್ತರಿಸುವ ಪೈಕಿ. ಹೋಟೆಲಿನವರು ವರ್ಷವಿಡೀ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದರು: ಚೆಸ್ಸಿನ ಹಲಗೆಯ ಮೇಲೆ ವರ್ಣಿಸಲು ಯೋಗ್ಯವಾದ ಪ್ರಾಣಿ ಒಂದೇ, ಕುದುರೆ. ಒಂದೊಂದೇ ಮನೆ ಸರಿಯುವ ರಾಜನ ಬಗ್ಗೆ ಏನು ಹೇಳುವುದು? ಆಟ ಕೊನೆಗೆ ಬಂದಾಗ ಬ್ಯಾಂಕಿನವರ ಒಂಟೆ ಎರಡು ನಡೆಯಲ್ಲಿ ಗೆಲ್ಲಿಸುವಂತಿತ್ತು. ಅದು ನನಗೂ ಕಾಣುತ್ತಿತ್ತು. ಅವರು ಕೈ ಚಾಚಿದರು.

ಅಷ್ಟರಲ್ಲಿ ಮೈಕಿನಲ್ಲಿ ಕಂಬಳದ ದನಿ ಎದ್ದಿತು. "ಈಗ ಕುದುರೆ! ಕುದುರೆ ಹೊರಟಿತು! ಅಗೋ ಅಗೋ ಕುದುರೆ!" ಸಭಾಂಗಣದಲ್ಲಿ ಚಪ್ಪಾಳೆ. ಒಂಟೆಯತ್ತ ಹೊರಟಿದ್ದ ಕೈ ಗಾಳಿಯಲ್ಲಿ ಒಮ್ಮೆ ನಿಂತು, ಹೋಗಿ ಕುದುರೆಯನ್ನು ಎತ್ತಿತು. ಎತ್ತಿದ ಮೇಲೆ ಬ್ಯಾಂಕಿನವರು ಅದನ್ನು, ಯಾರೋ ತಮ್ಮ ಕೈಗೆ ಕೊಟ್ಟು ಹೋದ ಮಗುವಿನಂತೆ ನೋಡಿದರು.

"ಕಾಕಾ, ಟಚ್ ಕೇಲಂತ," ಎಂದಳು ಹುಡುಗಿ, ಮೆತ್ತಗೆ. ಮುಟ್ಟಿದಿರಿ, ಎಂದು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ಕುದುರೆ ಎಲ್ಲಿಗೆ ಹೋದರೂ ಹಿಂದಿದ್ದ ರಾಣಿ ಬಯಲಾಗುತ್ತಿತ್ತು. ನಾಲ್ಕು ನಡೆಯಲ್ಲಿ ಎಲ್ಲ ಮುಗಿಯಿತು.

ತಪ್ಪು ಮೈಕಿನದೋ ಕೈಯದೋ ಎಂದು ನಮ್ಮ ಗುಂಪು ತಿಂಗಳುಗಟ್ಟಲೆ ಚರ್ಚಿಸಿತು. ಹುಡುಗಿ ಚೆನ್ನಾಗಿ ಆಡಿದಳು ಎಂದು ಯಾರಿಗೂ ಹೊಳೆಯಲಿಲ್ಲ.

ಕುರ್ಚಿ

ಈಗ ಆ ಗುಂಪಿಲ್ಲ. ಮೊಬೈಲಿನಲ್ಲಿ ಯಾರು ಗೆಲ್ಲುತ್ತಿದ್ದಾರೆಂದು ಯಂತ್ರವೇ ತೋರಿಸುತ್ತದೆ, ವಾದಕ್ಕೆ ಜಾಗವಿಲ್ಲ. ಹಾಗಾಗಿ ಬ್ಯಾಂಕಿನವರ ನಿವೃತ್ತಿಯ ದಿನ ನನಗೆ ಆಗಾಗ ನೆನಪಾಗುತ್ತದೆ. ಠಾಣೆ ಶಹರದ ಒಂದು ಸಭಾಂಗಣ, ನನ್ನನ್ನೂ ಹೋಟೆಲಿನವರನ್ನೂ ಕರೆದಿದ್ದರು. ದೊಡ್ಡ ಅಧಿಕಾರಿಗಳು ಸೌಜನ್ಯಕ್ಕೆ ಅವರ ಹೆಂಡತಿಯನ್ನು, ಬ್ಯಾಂಕಿನ ಮೇಲೆ ಏನಾದರೂ ದೂರಿದೆಯೇ ಎಂದು ಕೇಳಿದರು.

"ಒಂದೇ," ಎಂದರು ಆಕೆ. "ಆ ಕುರ್ಚಿ. ಹಿಂದೊಮ್ಮೆ ಒಂದು ವರ್ಷಪೂರ್ತಿ ಇವರಿಗೆ ಬೆನ್ನು ನೋವು."

ಅಧಿಕಾರಿಗಳು ಗಾಬರಿಯಾಗಿ, ಅವರು ಕೇಳಿದಂತೆ ಎರಡು ಸಲ ಕುರ್ಚಿ ಬದಲಾಯಿಸಿದೆವಲ್ಲ ಎಂದರು. ಆಕೆ ಗಂಡನ ಕಡೆ ತಿರುಗಿದರು. ಗಂಡ ಕೊರಳಿನ ಹಾರವನ್ನು ಪರೀಕ್ಷಿಸತೊಡಗಿದರು. ಆಕೆ ನನ್ನ ಕಡೆ ತಿರುಗಿದರು. ಕಡಿಮೆ ಮಾತಾಡುವವನು ನಿಜವನ್ನೇ ಹೇಳುತ್ತಾನೆಂಬುದು ಜನರ ನಂಬಿಕೆ.

ಹೇಳಿದೆ. ಪಂತ, ಕುದುರೆ, ಒಂದು ದಿನವೂ ತಪ್ಪದೆ ವರ್ಷವಿಡೀ ಬಿಟ್ಟುಕೊಟ್ಟ ಕಿಟಕಿ, ಬ್ಯಾಂಕಿನವರು ಚೌಥಿ ಸೀಟಿನಲ್ಲಿ ಅರ್ಧ ಕೂತು ಹೋದದ್ದು.

ಆಕೆ ಗಂಡನನ್ನು ಕೇಳಿದರು, "ಅಂದ್ರೆ ನಾನು ಒಂದು ವರ್ಷ ದಿನಾ ರಾತ್ರಿ ಎಣ್ಣೆ ತಿಕ್ಕಿದ್ದು ಆ ಕುದುರೆಗಾ?"