ಹಕಾರ, ಹೆಬ್ಬೆಟ್ಟು ಮತ್ತು ಮಧುಕುಮಾರ್ ಮೇಷ್ಟ್ರು

ಹೆಬ್ಬೆಟ್ಟು ಒತ್ತುವ ಮಿಷನ್ನಿನ ಮೇಲಿದ್ದ ಇಂಗ್ಲಿಷನ್ನು ಜೋರಾಗಿ ಓದಿದ್ದೇ ಮಧುಕುಮಾರ್ ಮೇಷ್ಟ್ರು ಮಾಡಿದ ತಪ್ಪು.

ಟಿ. ನರಸೀಪುರದಿಂದ ನಂಜನಗೂಡಿನ ಕಡೆಗೆ ಬರುವಾಗ ಕಬ್ಬಿನ ಗದ್ದೆಗಳ ನಡುವೆ ಸಿಗುವ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಪಾಠ ಮಾಡುವವರು. ಹಾಜರಿಗೆಂದು ಆ ಮಿಷನ್ ಬಂದ ದಿನ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರು ಮುಂದೆ ಹೋಗಿ, ‘ಪ್ಲೇಸ್ ಯುವರ್ ಫಿಂಗರ್ ಆನ್ ದಿ ಸೆನ್ಸರ್’ ಎಂದು ಓದಿ ಬೆರಳಿಟ್ಟರು. ಮುಖ್ಯ ಶಿಕ್ಷಕಿ ವನಜಾಕ್ಷಿಯವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಇಂಗ್ಲಿಷ್ ಮಿಸ್ಸು ಹೆರಿಗೆ ರಜೆಗೆ ಹೋದ ಮರುದಿನವೇ, “ಆವತ್ತು ಎಷ್ಟು ಚೆನ್ನಾಗಿ ಓದಿದ್ರಿ” ಎಂದು ಹೊಗಳಿ, ಎಂಟನೇ ತರಗತಿಯ ಇಂಗ್ಲಿಷನ್ನು ತಂದು ಅವರ ಕೊರಳಿಗೆ ಕಟ್ಟಿದರು.

ಷಟ್ಪದಿಯನ್ನು ನೀರು ಕುಡಿದ ಹಾಗೆ ಬಿಡಿಸುತ್ತಿದ್ದ ಮೇಷ್ಟ್ರು, ಅಂದಿನಿಂದ ‘ಎ’, ‘ಆ್ಯನ್’, ‘ದಿ’ಗಳ ಎದುರು ಅತ್ತೆಮನೆಗೆ ಮೊದಲ ಸಲ ಹೋದ ಅಳಿಯನಂತೆ ಮುದುರಿಕೊಂಡು ಕೂರತೊಡಗಿದರು.

ಇವತ್ತು ಬೆಳಿಗ್ಗೆ ಮಿಷನ್ ಕೂಡ ಅವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಎಷ್ಟು ಸಲ ಒತ್ತಿದರೂ ‘ಟ್ರೈ ಅಗೇನ್’ ಎಂದಿತು. ಅಷ್ಟರಲ್ಲಿ ವನಜಾಕ್ಷಿ ಓಡಿಬಂದರು.

“ಮೇಷ್ಟ್ರೇ, ಜಿಲ್ಲೆಯಿಂದ ಅಧಿಕಾರಿಗಳು ಬರ್ತಿದಾರೆ. ನಿಮ್ಮ ಇಂಗ್ಲಿಷ್ ಕ್ಲಾಸೇ ನೋಡ್ಬೇಕಂತೆ. ಟೆಕ್ನಾಲಜಿ ವಿಷಯ ಇಟ್ಕೊಂಡು ಗ್ರಾಮರ್ ಮಾಡ್ಬೇಕಂತೆ.”

“ನನ್ನಿಂದ ಆಗಲ್ಲ ಮೇಡಂ.”

“ಆಗುತ್ತೆ. ಕ್ಲಾಸ್ ಚೆನ್ನಾಗಾದ್ರೆ ಒಬ್ಬರು ಅತಿಥಿ ಶಿಕ್ಷಕರನ್ನ ಕೊಡಿ ಅಂತ ಕೇಳ್ತೀನಿ. ಆಮೇಲೆ ನೀವುಂಟು, ನಿಮ್ಮ ಕನ್ನಡ ಉಂಟು.”

ಮೇಷ್ಟ್ರ ಮೈಯಲ್ಲಿ ಹೊಸ ಶಕ್ತಿ ಬಂತು. ತಮ್ಮನ್ನು ಈ ಸ್ಥಿತಿಗೆ ತಂದ ಮಿಷನ್ನನ್ನೇ ಪಾಠವಾಗಿಸುವುದೆಂದು ನಿರ್ಧರಿಸಿ, ಬೋರ್ಡಿನ ಮೇಲೆ ‘ಬಯೋಮೆಟ್ರಿಕ್ಸ್’ ಎಂದು ಬರೆದರು.

“ನೋಡ್ರಪ್ಪ, ನಮ್ಮನ್ನ ನಮ್ಮ ಮೈಯಿಂದಲೇ ಗುರುತು ಹಿಡಿಯೋದಕ್ಕೆ ಹಿಂಗಂತಾರೆ. ಬೆರಳು, ಕಣ್ಣು, ಮುಖ. ಈಗ ಗ್ರಾಮರ್ರು. ಪದ ಸ್ವರದಿಂದ ಶುರುವಾದ್ರೆ ಆ್ಯನ್, ವ್ಯಂಜನದಿಂದ ಶುರುವಾದ್ರೆ ಎ. ಕಿವಿಗೆ ಕೇಳೋದು ಮುಖ್ಯ, ಕಣ್ಣಿಗೆ ಕಾಣೋ ಅಕ್ಷರ ಅಲ್ಲ.”

ಮೊದಲ ಬೆಂಚಿನ ರಾಣಿ ಕೈಯೆತ್ತಿ ಎದ್ದು, ಆ ಕೈಯನ್ನೇ ತೋರಿಸಿದಳು. “ದಿಸ್ ಈಸ್ ಆ್ಯನ್ ಆಂಡ್ ಸಾ.”

“ಎ ಹ್ಯಾಂಡ್,” ಎಂದು ಮೇಷ್ಟ್ರು ತಿದ್ದಿದರು.

“ಆಂಡಲ್ಲಿ ‘ಆ’ ತಾನೆ ಸಾ ಮೊದ್ಲು ಬರದು? ಅದು ಸ್ವರ.”

ಹಿಂದಿನ ಬೆಂಚಿನಿಂದ ಇನ್ನೊಂದು ದನಿ, “ಎ ಯೆಂಟ್ರಿ ಸಾ. ‘ಯ’ ವ್ಯಂಜನ.”

ಮೇಷ್ಟ್ರು ಸೀಮೆಸುಣ್ಣ ಕೆಳಗಿಳಿಸಿದರು. ನಿಯಮವನ್ನು ಮಕ್ಕಳು ಕೂದಲೆಳೆಯಷ್ಟೂ ತಪ್ಪದೆ ಪಾಲಿಸುತ್ತಿದ್ದರು. ‘ಹ’ ಇರಬೇಕಾದ ಕಡೆ ಅದನ್ನು ನುಂಗಿ, ‘ಎ’ ಇರುವ ಕಡೆ ‘ಯೆ’ ಹಚ್ಚುವ ಊರಿನ ನಾಲಿಗೆಗೆ ನಿಯಮ ಹೇಳಿಕೊಟ್ಟರೆ ಇಡೀ ಇಂಗ್ಲಿಷೇ ಅಂಗಿ ತಿರುವಿ ಹಾಕಿಕೊಂಡಂತಾಗುತ್ತಿತ್ತು.

ಶಾಲಾ ಸಮಿತಿಯ ಅಧ್ಯಕ್ಷ ಹುಚ್ಚಯ್ಯ ಕಿಟಕಿಯಲ್ಲಿ ತಲೆ ತೂರಿಸಿದರು. ಶಾಲೆಯಲ್ಲಿ ಏನು ನಡೆದರೂ ಅವರ ಮಾತಿಲ್ಲದೆ ಮುಗಿಯುತ್ತಿರಲಿಲ್ಲ.

“ಮಗ ಸರ್ಯಾಗೇ ಯೋಳ್ತಾವ್ಳಲ್ಲ ಸಾ. ಅಳ್ಳಿ, ಊವು, ಆಲು ಅಂತ್ಲೇ ಬದುಕಿದ್ದೀವಿ ನಾವು. ನೀವ್ ಯೋಳೋ ಆ ‘ಅ’ ಇಲ್ದೆ ಯಾರ್ಗೇನಾಗದೆ? ನನ್ನ ಉಚ್ಚಯ್ಯ ಅಂತ ಕೂಗುದ್ರೆ ನಾನೇನ್ ಬರಕಿಲ್ವಾ?”

“ಅಧ್ಯಕ್ಷರೇ, ನೀವು ಗೇಟಿನ ಹತ್ರ ಹೋಗಿ ಅಧಿಕಾರಿಗಳ ಜೀಪು ಬಂತಾ ನೋಡಿ,” ಎಂದು ಮೇಷ್ಟ್ರು ಅವರನ್ನು ಸಾಗಹಾಕಿದರು.

ಆಮೇಲೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಬೇಕು. ಕೈಗೆ ಬಿಸಿ ಉಸಿರು ತಾಗಿದರೆ ಅದು ‘ಹ’. ಇಡೀ ತರಗತಿ ‘ಹ, ಹ’ ಎಂದು ಊದಿತು. ಕೇಳಿದವರಿಗೆ ಕಬ್ಬಿನ ಗಾಡಿ ಏರು ಹತ್ತಿಸಿದ ಎತ್ತುಗಳು ಸುಧಾರಿಸಿಕೊಳ್ಳುತ್ತಿವೆ ಅನ್ನಿಸಬೇಕು. ‘ಎ ಹ್ಯಾಂಡ್’ ಬಂತು, ‘ಎ ಹೆಡ್’ ಬಂತು. ಮೇಷ್ಟ್ರು ಹಿಗ್ಗಿದರು. ಹಿಗ್ಗು ಇನ್ನೂ ಮುಖದ ಮೇಲಿದ್ದಾಗಲೇ ಕಣ್ಣು ತೋರಿಸಿ ಕೇಳಿದರು.

“ಎ ಹೈ ಸಾ,” ಎಂದಿತು ತರಗತಿ ಒಕ್ಕೊರಲಿನಿಂದ.

‘ಹ’ ಬೇಡದ ‘ಐ’ಗೂ ಮಕ್ಕಳು ಉಸಿರು ಊದಿದ್ದರು.

ಅತ್ತ ಹುಚ್ಚಯ್ಯ ಗೇಟು ಮುಟ್ಟುವಷ್ಟರಲ್ಲಿ, ಬಸ್ಸಿಳಿದ ಒಬ್ಬ ಹೆಂಗಸು ಒಳಗೆ ಬರುತ್ತಿದ್ದರು. ಸಾದಾ ನೂಲಿನ ಸೀರೆ, ಹೆಗಲಿಗೊಂದು ಚೀಲ.

“ಮಿಸನ್ ರಿಪೇರಿಗೆ ಬಂದ್ರಾ ಅವ್ವ? ಸದ್ಯ ಬಂದ್ರಲ್ಲ,” ಎಂದು ಹುಚ್ಚಯ್ಯ, ಆಕೆ ಬಾಯಿ ತೆರೆಯುವ ಮೊದಲೇ ಎಂಟನೇ ತರಗತಿಯ ಬಾಗಿಲಿಗೆ ಕರೆದುಕೊಂಡು ಬಂದರು. ಮಿಷನ್ ಇದ್ದದ್ದು ಅದರ ಪಕ್ಕದ ಗೋಡೆಯಲ್ಲಿ. ಆಕೆ ಹುಚ್ಚಯ್ಯನವರನ್ನೊಮ್ಮೆ, ಮಿಷನ್ನನ್ನೊಮ್ಮೆ ನೋಡಿದರು. ಸೆರಗಿನ ತುದಿಯಿಂದ ಗಾಜನ್ನು ಒರೆಸಿ, ಬಾಗಿಲಿಗೆ ಬಂದ ಮೇಷ್ಟ್ರಿಗೆ, “ಸಾರ್, ಕೈ ತೊಳ್ಕೊಂಡು ಬೆರಳಿಡಿ” ಎಂದರು. ಮೇಷ್ಟ್ರು ಸೀಮೆಸುಣ್ಣದ ಪುಡಿ ತೊಳೆದು ಬೆರಳಿಟ್ಟರು. ಮಿಷನ್ ‘ಥ್ಯಾಂಕ್ ಯೂ’ ಎಂದಿತು.

“ಕೆಲ್ಸ ಗೊತ್ತಿರೋರು ಅಂದ್ರೆ ಇಂಗಿರ್ಬೇಕು,” ಎಂದರು ಹುಚ್ಚಯ್ಯ.

“ಒಳಗೆ ಬಂದು ಕೂತ್ಕೊಳ್ಳಿ ತಾಯಿ, ಬಿಸಿಲಿದೆ,” ಎಂದರು ಮೇಷ್ಟ್ರು. “ಅಧಿಕಾರಿಗಳು ಇನ್ನೂ ಬಂದಿಲ್ಲ. ನಿಮ್ಮ ಹತ್ರ ಹೇಳ್ಕೊಂಡ್ರೆ ತಪ್ಪೇನು, ನನಗೆ ಇಂಗ್ಲಿಷ್ ಅಂದ್ರೆ ಕೈಕಾಲು ನಡುಕ. ಒಬ್ಬ ಇಂಗ್ಲಿಷ್ ಮೇಷ್ಟ್ರು ಬಂದುಬಿಟ್ರೆ ಬದುಕಿಕೊಳ್ತೀನಿ.”

“ಚೆನ್ನಾಗೇ ಮಾಡ್ತಿದೀರಲ್ಲ ಸಾರ್. ಮುಂದುವರಿಸಿ,” ಎಂದು ಆಕೆ ಕಡೇ ಬೆಂಚಿನಲ್ಲಿ ಕುಳಿತರು.

ಎದುರಿಗೆ ಅಧಿಕಾರಿಯಲ್ಲ, ರಿಪೇರಿಯವರು ಎಂಬ ಧೈರ್ಯಕ್ಕೆ ಮೇಷ್ಟ್ರ ನಾಲಿಗೆ ಸಡಿಲವಾಯಿತು. “ಈಗ ‘ದಿ’ ನೋಡಿ. ಎ ವುಮನ್ ಕೇಮ್. ಯಾರೋ ಒಬ್ಬರು ಬಂದ್ರು, ಯಾರು ಅಂತ ನಮಗೆ ಗೊತ್ತಿರಲಿಲ್ಲ. ಅದಕ್ಕೆ ಎ. ದಿ ವುಮನ್ ಕ್ಲೀನ್ಡ್ ದಿ ಮೆಷಿನ್. ಈಗ ಗೊತ್ತಾಯ್ತು, ಅವರೇ ಇವರು, ಅದೇ ಮಿಷನ್ನು. ಅದಕ್ಕೆ ದಿ. ಪರಿಚಯ ಆಗೋವರೆಗೂ ಎ, ಆದ ಮೇಲೆ ದಿ. ಅಷ್ಟೇ.”

ತರಗತಿಯ ಮುಖಗಳು ಒಂದೊಂದಾಗಿ ಬೆಳಗಿದವು. ಮಕ್ಕಳು ತಾವೇ ವಾಕ್ಯ ಕಟ್ಟತೊಡಗಿದರು. ‘ಐ ಹ್ಯಾವ್ ಎ ಥಂಬ್. ದಿ ಥಂಬ್ ಈಸ್ ಮೈ ನೇಮ್.’ ಹಾಗೆಂದವನ ಬೆನ್ನು ತಟ್ಟುವಾಗ ಮೇಷ್ಟ್ರಿಗೆ ತಮ್ಮ ಕನ್ನಡ ತರಗತಿಯಲ್ಲೇ ಇದ್ದಂತೆನಿಸಿತು.

ಆಕೆ ಹಿಂದಿನಿಂದ ಕೇಳಿದರು, “ಒಂದು ಗಂಟೆ ಕಾಲ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತೀರಿ?”

ರಾಣಿ ಅಂಗೈಯನ್ನು ಬಾಯಿಗೆ ಹಿಡಿದು ಬಲವಾಗಿ ಊದಿದಳು. “ಎ ಹವರ್.”

ಮೇಷ್ಟ್ರು ನಿಟ್ಟುಸಿರಿಟ್ಟರು. “ಅಲ್ಲ ಕಣವ್ವ. ಅಕ್ಷರದಲ್ಲಿ ‘ಹ’ ಇದೆ, ಬಾಯಲ್ಲಿಲ್ಲ. ಆ್ಯನ್ ಅವರ್.”

ರಾಣಿ ಅಂಗೈ ಕೆಳಗಿಳಿಸಿದಳು. “ಅಂಗಾದ್ರೆ ಸಾ, ಈ ಪದ ಮಾಡ್ದೋರು ನಮ್ಮೂರ್ ಕಡೆಯೋರಾ?”

ಕಡೇ ಬೆಂಚಿನ ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದೇ ಹೊತ್ತಿಗೆ ವನಜಾಕ್ಷಿ ಏದುಸಿರು ಬಿಡುತ್ತ ಬಂದರು.

“ಮೇಷ್ಟ್ರೇ, ಜೀಪ್ ಕೆಟ್ಟು ಅಧಿಕಾರಿಗಳು ಬಸ್ಸಿಗೆ ಬಂದ್ರಂತೆ. ಡ್ರೈವರ್ ಫೋನ್ ಮಾಡಿದ್ರು. ನೂಲಿನ ಸೀರೆ, ಹೆಗಲಿಗೆ...” ಕಡೇ ಬೆಂಚು ಕಣ್ಣಿಗೆ ಬಿದ್ದು ಅವರ ಮಾತು ಅಲ್ಲೇ ನಿಂತಿತು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿತು. ಹುಚ್ಚಯ್ಯ ಕಂಬದ ಹಿಂದೆ ಸರಿದರು.

ಆಕೆ ಎದ್ದು ಬಂದರು. “ಗಾಬರಿ ಬೇಡ ಸಾರ್. ಎಷ್ಟೋ ಶಾಲೆ ನೋಡಿದೀನಿ, ನಾನು ಯಾರು ಅಂತ ಗೊತ್ತಿದ್ದಾಗ ಯಾರೂ ಇಷ್ಟು ನಿಜವಾಗಿ ಪಾಠ ಮಾಡಿದ್ದಿಲ್ಲ. ಮೇಡಂ, ನಿಮ್ಮ ಶಾಲೆಗೆ ಒಬ್ಬರು ಅತಿಥಿ ಶಿಕ್ಷಕರನ್ನ ಖಂಡಿತ ಕೊಡಿಸ್ತೀನಿ. ಬನ್ನಿ, ಆಫೀಸಲ್ಲಿ ಮಾತಾಡೋಣ.”

ಇಬ್ಬರೂ ಅತ್ತ ಹೋದದ್ದೇ ತಡ, ಮೇಷ್ಟ್ರು ನಂಜನಗೂಡಿನಲ್ಲಿದ್ದ ಹೆಂಡತಿ ಪವಿತ್ರಾಗೆ ಫೋನ್ ಮಾಡಿದರು. “ಗೆದ್ದೆ ಕಣೆ. ಇಂಗ್ಲಿಷ್ ಕಾಟ ಮುಗೀತು. ಇನ್ನು ನಾನು ವಾಪಸ್ ಕನ್ನಡಕ್ಕೆ.”

“ಸಂಜೆ ಪಾಯಸ ಮಾಡ್ತೀನಿ ಬನ್ನಿ,” ಎಂದಳು ಪವಿತ್ರಾ.

ಅಧಿಕಾರಿಯನ್ನು ಬಸ್ಸು ಹತ್ತಿಸಿ ವನಜಾಕ್ಷಿ ನಗುನಗುತ್ತ ಮರಳಿದರು.

“ಸೋಮವಾರವೇ ಹೊಸಬರು ಬರ್ತಾರೆ ಮೇಷ್ಟ್ರೇ. ನಿಮ್ಮನ್ನ ಬಾಯ್ತುಂಬ ಹೊಗಳಿದ್ರು. ಇಂಥ ಇಂಗ್ಲಿಷ್ ಮೇಷ್ಟ್ರು ಇರುವಾಗ ಇನ್ನೊಬ್ಬರು ಯಾಕೆ ಅಂದ್ರು. ಅದಕ್ಕೆ ಕನ್ನಡಕ್ಕೆ ಒಬ್ಬರನ್ನ ಕೊಟ್ಟಿದಾರೆ. ಒಂಬತ್ತು, ಹತ್ತನೇ ಕ್ಲಾಸಿನ ಇಂಗ್ಲಿಷೂ ಇನ್ಮೇಲೆ ನಿಮ್ದೇ.”

ಮೇಷ್ಟ್ರು ತರಗತಿಯ ಕಡೆ ತಿರುಗಿದರು. ಬಾಗಿಲಲ್ಲಿ ರಾಣಿ ಮತ್ತು ಅವಳ ಹಿಂದೆ ಅರ್ಧ ತರಗತಿ ನಿಂತಿತ್ತು.

“ಸಾ, ವೊಸ ಮೇಷ್ಟ್ರು ಬತ್ತಾರಂತೆ. ನೀವು ಇಂಗ್ಲಿಷ್ ಬುಟ್‌ಬುಡ್ತೀರಾ?” ರಾಣಿಯ ಮುಖ ಬಾಡಿತ್ತು.

ಮೇಷ್ಟ್ರು ಅವಳನ್ನು ನೋಡಿದರು, ಅವಳ ಹಿಂದಿನವರನ್ನು ನೋಡಿದರು. “ಇಲ್ಲ ಕಣವ್ವ,” ಎಂದರು. “ನಾನು ಬಿಟ್ರೂ ಅದು ನನ್ನ ಬಿಡೋ ಹಾಗೆ ಕಾಣಲ್ಲ. ಎಲ್ಲರೂ ಒಳಗೆ ನಡೀರಿ.”

ಮಕ್ಕಳು ಕೇಕೆ ಹಾಕುತ್ತ ಒಳಗೆ ನುಗ್ಗಿದರು. ಮೇಷ್ಟ್ರು ಅವರ ಹಿಂದೆಯೇ ಹೋಗಿ, ನೆಲಕ್ಕೆ ಬಿದ್ದಿದ್ದ ಸೀಮೆಸುಣ್ಣವನ್ನು ಹುಡುಕತೊಡಗಿದರು.