ಸತ್ತ ಸಂಘಗಳ ಸ್ಟೀಲ್ ಡಬ್ಬಿ

ನನ್ನ ಕೈಲಿ ಆಗಲ್ಲ ಅಂತ ಮೊದಲು ಹೇಳಿದವನು ನನ್ನ ಸ್ವಂತ ಅಣ್ಣ. ಕಟ್ಟಾಯದ ನಮ್ಮ ಮನೆ ಜಗಲಿ ಮೇಲೆ ಕುಳಿತು, ನಾಲ್ಕು ಜನ ಕೇಳುವ ಹಾಗೆ ಹೇಳಿದ: "ಸ್ಕೂಲ್ ಮೆಟ್ಲು ಅತ್ತಿಲ್ಲ, ಕಂಪ್ಯೂಟ್ರು ಅಂಗ್ಡಿ ಮಡಗ್ತಾಳಂತೆ. ಎಬ್ಬೆಟ್ಟು ಒತ್ತೋಳು ಇನ್ನೇನ್ಲಾ ಒತ್ತಾಳು?" ನಾಲ್ಕೂ ಜನ ನಕ್ಕರು.

ನಾನು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಡ್ಲೆಕಾಯಿ ಕಟ್ಟಿಕೊಟ್ಟ ಹಳೇ ಪೇಪರು ಓದಿ. ಕಡ್ಲೆಕಾಯಿ ಮುಗಿದ ಮೇಲೂ ಪೇಪರು ಎಸೆಯುತ್ತಿರಲಿಲ್ಲ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ತೆರೆದಾಗ ಆಹ್ವಾನ ಪತ್ರಿಕೆ ನಾನೇ ಟೈಪ್ ಮಾಡಿ ಮೊದಲನೆಯದನ್ನು ಅಣ್ಣನಿಗೇ ಕಳಿಸಿದೆ. ಅವನು ಬರಲಿಲ್ಲ.

ಝೆರಾಕ್ಸು, ಪಹಣಿ ಪ್ರಿಂಟು, ಮದುವೆ ಕಾರ್ಡು ಅಂತ ಶುರುವಾದದ್ದು ಬರಬರುತ್ತಾ ಸಂಘ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ತನಕ ಬಂತು. ನಮ್ಮ ಕಡೆ ಸಂಘ ಹುಟ್ಟುವುದು ಬೇಗ, ಮುಚ್ಚುವುದು ಇನ್ನೂ ಬೇಗ. ಸಂಘ ಮುಚ್ಚಿದರೆ ಯಾರೂ ರಿನ್ಯೂ ಮಾಡಿಸುವುದಿಲ್ಲ, ವರ್ಷದೊಳಗೆ ವೆಬ್‌ಸೈಟೂ ಅಳಿಸಿ ಹೋಗುತ್ತದೆ. ಕಷ್ಟಪಟ್ಟು ಅಕ್ಷರ ಕಲಿತವಳಿಗೆ ಬರೆದದ್ದು ಅಳಿಸಿಹೋಗುವುದನ್ನು ನೋಡಿಕೊಂಡಿರಲು ಆಗುವುದಿಲ್ಲ. ಅದಕ್ಕೇ ಮುಚ್ಚಿದ ಸಂಘದ ಪುಟಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ ಇಟ್ಟುಕೊಳ್ಳುತ್ತೇನೆ. ಬೇಕಾದವರು ನೋಡಲಿ ಅಂತ ನನ್ನ ಅಂಗಡಿಯ ವೆಬ್‌ಸೈಟಿನ ಒಂದು ಮೂಲೆಯಲ್ಲೂ ಹಾಕಿಡುತ್ತೇನೆ. ಇಂಥ ಕೆಲಸ ಹಿಡಿದವಳ ಅಂಗಡಿಗೆ ತಮಾಷೆ ತಾನಾಗೇ ಬಸ್ಸು ಹತ್ತಿಕೊಂಡು ಬರುತ್ತದೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ಸಂಘಗಳನ್ನು ಉಳಿಸಿದ ನಾನು ಒಂದನ್ನು ಬೇಕು ಅಂತಲೇ ಸಾಯಲು ಬಿಟ್ಟೆ. ಅದು ನನ್ನದೇ, ಅರಕಲಗೂಡಿನ ನಮ್ಮ ಸೋಬಾನೆ ಹೆಂಗಸರ ತಂಡದ್ದು. ಈಚೆಗೆ ಆ ತಂಡದ ಹಾಡುಗಾರ್ತಿಯ ಮಗಳು ಬಂದು, ತೀರಿಹೋದ ತಾಯಿಯ ದನಿ ಕೊಡು ಅಂತ ಕೇಳಿದಳು. ಅದನ್ನು ಕೊನೆಗೆ ಹೇಳುತ್ತೇನೆ. ಸುಲಭದ್ದು ಮೊದಲು.

ಗೊರೂರಿನವರ ಭಯ

ಗೊರೂರು ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದವರು ಸೇರಿ ಒಂದು ನಿವಾಸಿಗಳ ಸಂಘ ಮಾಡಿಕೊಂಡಿದ್ದರು. ಒಬ್ಬೊಬ್ಬರೇ ರಿಟೈರಾಗಿ, ವರ್ಗವಾಗಿ, ಮನೆಗಳು ಖಾಲಿಯಾಗಿ ಸಂಘವೂ ಖಾಲಿಯಾಯಿತು. ವೆಬ್‌ಸೈಟನ್ನು ನಾನು ಇಟ್ಟುಕೊಂಡಿದ್ದೇನೆ ಅಂತ ಯಾರಿಂದಲೋ ತಿಳಿದು, ಡ್ಯಾಮಿನ ಗೇಟ್ ನೋಡಿಕೊಳ್ಳುತ್ತಿದ್ದ ಒಬ್ಬ ಯಜಮಾನರು ಬಂದರು.

"ತಾಯಿ, ನಮ್ ವೆಬ್‌ಸೈಟು ಎಲ್ಲಿ ಮಡಗಿದ್ದೀಯ? ಒಂದ್ಸಲ ನೋಡ್ಬೇಕಿತ್ತು."

ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದೆ. "ಇದು ಟೀವಿ ಇದ್ದಂಗದೆ. ಇದಲ್ಲ ಕಣವ್ವ, ಅದು ಇರೋ ಜಾಗ ತೋರ್ಸು" ಎಂದರು.

ಅಡುಗೆಮನೆಯಿಂದ ತಂದಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಕಪ್ಪು ಡಿಸ್ಕನ್ನು ತೋರಿಸಿದೆ. ಯಜಮಾನರು ಬಾಗಿಲ ತನಕ ಹಿಂದೆ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದರು.

"ಇಷ್ಟ್ರೊಳಗೆ ನಮ್ ಕ್ವಾಟ್ರಸ್ಸು ಪೂರ್ತಿ ಅದಾ?"

"ಅದೆ ಯಜಮಾನ್ರೇ. ನಿಮ್ಮ ಗಣಪತಿ ಹಬ್ಬ, ಮಕ್ಕಳ ಫೋಟೋ, ನಿಮ್ಮ ಮನೆಯವರು ಮ್ಯೂಸಿಕಲ್ ಚೇರಿನಲ್ಲಿ ಗೆದ್ದದ್ದು, ಎಲ್ಲಾ."

ಹೆಂಡತಿಯ ಸುದ್ದಿ ಬಂದ ಕೂಡಲೇ ಅವರ ಕಣ್ಣು ತುಂಬಿತು. ಆಕೆ ಹೋಗಿ ಬಹಳ ಕಾಲವಾಗಿರಲಿಲ್ಲ. ನಾನು ಏನಾದರೂ ಸಮಾಧಾನ ಹೇಳೋಣ ಎನ್ನುವಷ್ಟರಲ್ಲಿ ಅವರ ಕಣ್ಣು ಡಬ್ಬಿಯ ಪಕ್ಕದ ಕುಡಿಯುವ ನೀರಿನ ಬಿಂದಿಗೆ ಮೇಲೆ ಬಿತ್ತು.

"ಮೊದ್ಲು ಆ ನೀರು ಆಚೆ ಕಡಿಕೆ ಮಡಗವ್ವ. ಇಡೀ ಸರ್ವೀಸೆಲ್ಲಾ ಡ್ಯಾಮಿನ್ ಬುಡದಾಗೇ ಮಲಗಿದ್ದೀವಿ. ಇಲ್ಲೂ ಅದೇ ಬಯ ಬ್ಯಾಡ."

ಚನ್ನರಾಯಪಟ್ಟಣದ ಕ್ರೋಟನ್ ಗಿಡಗಳು

ಇದು ನಾನಿನ್ನೂ ಕೆಲಸ ಕಲಿಯುತ್ತಿದ್ದ ಕಾಲದ್ದು. ಚನ್ನರಾಯಪಟ್ಟಣದ ಪೇಟೆಯವರು ಸೇರಿ ಒಂದು ವಾಚನಾಲಯ ನಡೆಸುತ್ತಿದ್ದರು. ಅಧ್ಯಕ್ಷರು ಪಾತ್ರೆ ಅಂಗಡಿಯವರು, ಕಾರ್ಯದರ್ಶಿ ಬಟ್ಟೆ ಅಂಗಡಿಯವರು. ಕಿಟಕಿ ಉತ್ತರಕ್ಕಿರಬೇಕೋ ಪೂರ್ವಕ್ಕಿರಬೇಕೋ ಅಂತ ಜಗಳ ಬಂದು ವಾಚನಾಲಯ ಮುಚ್ಚಿತು. ವೆಬ್‌ಸೈಟಿನಲ್ಲಿ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಗುತ್ತಾ ನಿಂತ ಫೋಟೋ ಉಳಿಯಿತು.

ಪಾತ್ರೆಯವರು ಬಂದರು. "ಅಮ್ಮಾ, ಆ ಬಟ್ಟೆಯವನ ಮುಖ ತೆಗೆದುಬಿಡಿ. ಅವನ ಪಕ್ಕ ನಾನು ನಿಂತಿರೋದು ನೋಡಿದ್ರೆ ಊಟ ಸೇರಲ್ಲ."

ಆಗ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರ ಕೂರಿಸುವುದು. ಬಟ್ಟೆಯವರ ಮೇಲೆ ಒಂದು ಕ್ರೋಟನ್ ಗಿಡದ ಕುಂಡ ಕೂರಿಸಿದೆ. ಮಾರನೇ ವಾರ ಬಟ್ಟೆಯವರು ಬಂದರು, ಪಾತ್ರೆಯವರ ಮೇಲೂ ಒಂದು ಕುಂಡ ಕೂತಿತು. ಆಮೇಲೆ ಅವರ ಕಡೆಯವರು, ಇವರ ಕಡೆಯವರು. ಕೇಳಿದವರಿಗೆಲ್ಲ ಒಂದೊಂದು ಕುಂಡ ಕೊಟ್ಟೆ. ಕೊನೆಗೆ ಫೋಟೋದಲ್ಲಿ ಉಳಿದ ಮನುಷ್ಯ ಕಾಫಿ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಅಡುಗೆ ಭಟ್ಟರೊಬ್ಬರೇ. ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಎರಡು ವರ್ಷವಾದ ಮೇಲೆ ಇಬ್ಬರು ಅಂಗಡಿಯವರೂ ಒಂದೇ ಸ್ಕೂಟರಿನಲ್ಲಿ ಬಂದಿಳಿದರು. ರಾಜಿಯಾಗಿತ್ತು. "ನಮ್ಮ ಮುಖ ವಾಪಸ್ ಹಾಕಿಕೊಡಿ" ಎಂದರು. ಮೂಲ ಫೋಟೋ ನನ್ನ ಹತ್ತಿರ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. ಅದರಲ್ಲಿದ್ದ ಇಬ್ಬರು ಹಿರಿಯರು ಆಗಲೇ ತೀರಿಕೊಂಡಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಸತ್ತ ಸಂಘದ ವೆಬ್‌ಸೈಟಿನಲ್ಲಿ ತಪ್ಪಿರಲಿ ಸರಿಯಿರಲಿ, ಇದ್ದದ್ದು ಇದ್ದ ಹಾಗೇ ಇರಬೇಕು. ನಾನು ಒಂದಕ್ಷರ ಮುಟ್ಟುವುದಿಲ್ಲ.

ಈಗಲೂ ತಿಂಗಳಿಗೊಬ್ಬರು ಆ ಪುಟ ನೋಡಿ ಫೋನ್ ಮಾಡುತ್ತಾರೆ. "ಭಟ್ರ ನರ್ಸರೀನಾ? ಕ್ರೋಟನ್ ಒಂದಕ್ಕೆ ಎಷ್ಟು?"

ಹಾಸನದ ಆಲೂಗೆಡ್ಡೆ

ಹಾಸನದ ಕಡೆಯ ಆಲೂಗೆಡ್ಡೆ ಬೆಳೆಗಾರರ ಒಂದು ಸಂಘ ಇತ್ತು. ಅದೂ ಮುಚ್ಚಿತು. ವೆಬ್‌ಸೈಟಿನಲ್ಲಿ ಆ ವರ್ಷದ ಬಿತ್ತನೆ ಗೆಡ್ಡೆಯ ರೇಟು ಹಾಗೇ ಉಳಿಯಿತು. ನಿಯಮ ಅಂದರೆ ನಿಯಮ, ನಾನು ಮುಟ್ಟಲಿಲ್ಲ. ಮೇಲೆ ಕೆಂಪಕ್ಷರದಲ್ಲಿ 'ಈ ಸಂಘ ಈಗ ಇಲ್ಲ' ಅಂತ ಒಂದು ಪಟ್ಟಿ ಮಾತ್ರ ಕಟ್ಟಿದೆ.

ಒಂದು ಬೆಳಿಗ್ಗೆ ಗೂಡ್ಸ್ ಆಟೋ ಬಂದು ಅಂಗಡಿ ಮುಂದೆ ನಿಂತಿತು. ಒಬ್ಬ ರೈತ ಖಾಲಿ ಚೀಲಗಳ ಸಮೇತ ಇಳಿದ.

"ಅಕ್ಕಾ, ಗೆಡ್ಡೆ ತೂಕ ಆಕ್ಸು. ಮೊಬೈಲ್‌ನಾಗೆ ರೇಟ್ ನೋಡ್ಕಂಡೇ ಬಂದಿದ್ದೀನಿ."

"ಅದು ಹಳೇದು ಕಣಣ್ಣ. ಮೇಲೆ ಕೆಂಪಕ್ಷರದಲ್ಲಿ ಬರೆದಿದೆ ನೋಡು. ಸಂಘ ಸತ್ತುಹೋಗಿದೆ."

"ಸಂಘ ಸತ್ತದೆ, ಒಪ್ಕೊಂಡೆ. ರೇಟು ಬದುಕೇ ಅದಲ್ಲ!"

ಅವನಿಗೆ ಕಾಫಿ ಕುಡಿಸಿ ಕಳಿಸಬೇಕಾದರೆ ಮಧ್ಯಾಹ್ನವಾಯಿತು. ಈ ಕತೆ ಕೇಳಿ ಆ ಸಂಘದ ಹಳೇ ಕಾರ್ಯದರ್ಶಿ ಗೌಡರು ನನಗೆ ಫೋನ್ ಮಾಡಿದರು.

"ಅದಿರ್ಲಿ ಕಣವ್ವ, ನಮ್ ವೆಬ್‌ಸೈಟ್‌ನಾಗೆ ಗೆಡ್ಡೆ ಆಯ್ಕೆ ಎಂಗೆ ಅಂತ ಒಂದ್ ಬಟನ್ ಅದಲ್ಲ, ಅದ ಒತ್ತುದ್ರೆ ಯಾರೋ ಎಂಗ್ಸು ಬೈತಾಳೆ."

"ನಾನು ಮಾಡಿದ ವೆಬ್‌ಸೈಟಿನಲ್ಲಿ ಯಾರೂ ಬೈಯಲ್ಲ ಗೌಡ್ರೇ. ನಿಮ್ಮ ಮೊಬೈಲು ಕೆಟ್ಟಿರಬೇಕು."

"ಇಲ್ಲ ಕಣವ್ವ, ಎಲ್ಡ್ ಸಲ ಒತ್ತಿದೆ. ಎಲ್ಡ್ ಸಲಾನೂ ಬೈದ್ಲು."

"ನನ್ನ ಕೆಲಸದಲ್ಲಿ ತಪ್ಪು ಹುಡುಕಬೇಡಿ" ಅಂದೆ. ಒಂದು ಸಲ ಒತ್ತಿ ನೋಡಿದ್ದರೆ ಆಗುತ್ತಿತ್ತು. ನೋಡಲಿಲ್ಲ.

"ಓಗ್ಲಿ ಬುಡು, ಇದ್ರೆ ಇರ್ಲಿ. ಕೇಳ್ತಿದ್ರೆ ನಮ್ ಮೀಟಿಂಗ್‌ನಾಗೆ ಕುಂತಂಗೇ ಆಯ್ತದೆ" ಎಂದು ಗೌಡರು ಫೋನ್ ಇಟ್ಟರು.

ಅರಕಲಗೂಡಿನ ಅಕ್ಕ

ನಮ್ಮ ಸೋಬಾನೆ ತಂಡದಲ್ಲಿ ಏಳು ಜನ. ಪ್ರತಿ ಭಾನುವಾರ ನಾನು ಬಸ್ಸಿನಲ್ಲಿ ಅರಕಲಗೂಡಿಗೆ ಹೋಗುತ್ತಿದ್ದೆ. ಎಲ್ಲರಿಗಿಂತ ಹಿರಿಯ ಹಾಡುಗಾರ್ತಿಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಅಕ್ಕನಿಗೆ ಓದು ಬರಹ ಬಾರದು, ಹಾಡು ಮಾತ್ರ ರಾತ್ರಿ ಬೆಳತನಕ ಬರುತ್ತಿತ್ತು. ನಾನು ಹಾಡುಗಳನ್ನು ಬರೆದುಕೊಂಡೆ, ತಂಡಕ್ಕೆ ವೆಬ್‌ಸೈಟ್ ಮಾಡಿದೆ, ಅಕ್ಕ ಹಾಡಿದ ಎಂಟು ಹಾಡನ್ನು ಮೊಬೈಲಿನಲ್ಲಿ ಹಿಡಿದು ಅದರಲ್ಲಿ ಹಾಕಿದೆ.

ಅಲ್ಲೇ ಕೆಟ್ಟಿತು. ಅಕ್ಕ ಒಂದು ಸಲ ಹಾಡಿದ ಹಾಗೆ ಇನ್ನೊಂದು ಸಲ ಹಾಡುತ್ತಿರಲಿಲ್ಲ. ಮದುವಣಗಿತ್ತಿಯ ಮುಖ ನೋಡಿ ಸಾಲು ಬದಲಾಯಿಸುತ್ತಿದ್ದಳು. ನನಗೋ, ಬರೆದ ಮೇಲೆ ಬರೆದ ಹಾಗೇ ಇರಬೇಕು.

"ಬರೆದಂಗೆ ಹಾಡಕ್ಕ."

"ಬರೆದಿದ್ದು ನಿಂದು. ಆಡೋದು ನಂದು."

ಒಂದು ಸಮಾರಂಭದಲ್ಲಿ, ಮೈಕಿನ ಮುಂದೆ, ತುಂಬಿದ ಜನರ ಎದುರು, ನಾನು ಕೈಯೆತ್ತಿ ಅಕ್ಕನ ಹಾಡು ನಿಲ್ಲಿಸಿದೆ. "ಆ ಸಾಲು ಹಾಗಲ್ಲ" ಎಂದೆ. ಅಕ್ಕ ಮೈಕನ್ನು ನನ್ನ ಕೈಗೆ ಕೊಟ್ಟು, ಸೆರಗು ಹೊದ್ದು ಇಳಿದು ಹೋದಳು. ತಂಡ ಅವತ್ತಿಗೆ ಮುಗಿಯಿತು. ನಾನು ಹೋಗಿ ಮಾತಾಡಿಸಲಿಲ್ಲ. ಅವಳೇ ಬರಲಿ ಅಂತ ಕೂತೆ. ವೆಬ್‌ಸೈಟು ಅಳಿಸುತ್ತೇವೆ ಅಂತ ಅದಕ್ಕೆ ಜಾಗ ಬಾಡಿಗೆ ಕೊಟ್ಟ ಕಂಪನಿಯಿಂದ ಮೂರು ಸಲ ಎಚ್ಚರಿಕೆ ಬಂತು. ಮೂರನ್ನೂ ಓದಿದೆ. ಹಾಳಾಗಿ ಹೋಗಲಿ ಅಂದೆ. ಕಾಪಿ ಕೂಡ ಇಳಿಸಿಕೊಳ್ಳಲಿಲ್ಲ. ಆ ಮೊಬೈಲೂ ಕೆಟ್ಟು ಹೋಯಿತು.

ಮೂರು ವರ್ಷ ಹೀಗೇ ಕಳೆಯಿತು. ಅಕ್ಕ ತೀರಿಕೊಂಡ ದಿನ ಅರಕಲಗೂಡು ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಸ್ಸಿನಿಂದ ಇಳಿಯಲೇ ಇಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಬಂದೆ.

ಆಮೇಲೆ ಅವಳ ಮಗಳು ಬಂದಳು. ಮದುವೆ ಗೊತ್ತಾಗಿತ್ತು.

"ಚಿಕ್ಕವ್ವ, ಬುಧವಾರ ನಂಗೆ ಅರಿಶಿನ ಆಕ್ತಾರೆ. ಊರೋರ್ ಮಕ್ಕಳಿಗೆಲ್ಲಾ ಅವ್ವ ಆಡ್ತು. ನಂಗೆ ಆಡಕ್ಕೆ ಅವ್ವ ಇಲ್ಲ. ವೆಬ್‌ಸೈಟ್‌ನಾಗೆ ಎಂಟ್ ಆಡು ಇದ್ವಲ್ಲ, ಒಂದ್ ಕೊಡು ಸಾಕು."

ಮೂರನೇ ದಿನ ಬಾ ಅಂತ ಹೇಳಿ ಕಳಿಸಿದೆ. ಎರಡು ದಿನ ಅಂಗಡಿ ಬಾಗಿಲು ಹಾಕಿಕೊಂಡು ಡಬ್ಬಿಯ ಡಿಸ್ಕನ್ನೆಲ್ಲ ಜಾಲಾಡಿದೆ. ಎಲ್ಲರದೂ ಇತ್ತು. ಯಾರೂ ಕೇಳದ ಅಡುಗೆ ಭಟ್ಟರ ಕಾಫಿ ತಟ್ಟೆಯೂ ಇತ್ತು. ಅಕ್ಕನ ಒಂದು ಹಾಡೂ ಇರಲಿಲ್ಲ. ಮೂರನೇ ದಿನ ಹುಡುಗಿ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ: "ನಾನೇ ಅಳಿಸಿಹೋಗಲು ಬಿಟ್ಟೆ ಕಣವ್ವ. ಸಿಟ್ಟಿಗೆ." ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂದುಕೊಂಡೆ. ಹಾಗಂದುಕೊಂಡ ಗಳಿಗೆಯಲ್ಲೇ ಗೌಡರ ಮಾತು ನೆನಪಾಯಿತು. ಯಾರೋ ಹೆಂಗಸು ಬೈತಾಳೆ.

ಆಲೂಗೆಡ್ಡೆ ಸಂಘದ ಪುಟ ತೆಗೆದು ಗೆಡ್ಡೆ ಆಯ್ಕೆಯ ಬಟನ್ ಒತ್ತಿದೆ.

"ಏನೇ ಅದು, ಮಕದ್ ಅತ್ರ ಇಡ್ತೀಯ?" ಅಂತು ಕಂಪ್ಯೂಟರು, ಅಕ್ಕನ ದನಿಯಲ್ಲಿ.

"ಸುಮ್ನಿರಕ್ಕ, ಟೆಸ್ಟ್ ಮಾಡ್ತಿದ್ದೀನಿ" ಅಂದದ್ದು ನನ್ನ ದನಿ.

"ನಾನ್ಯಾಕೆ ಸುಮ್ನಿರ್ಲಿ? ನಾಕಕ್ಸರ ಬಂದ್ಬುಡ್ತು ಅಂತ ಊರೋರ್ ಬಾಯಿಗೆಲ್ಲಾ ಬೀಗ ಆಕಕ್ಕೆ ಒಂಟವಳೆ. ಒಟ್ಟೆಗೇನಾರಾ ತಿಂದ್ಯಾ? ಬೆಳಿಗ್ಗೆಯಿಂದ ಅದ್ರ ಮುಂದೆ ಕುಂತವಳೆ. ಏಳು, ಮೊದ್ಲು ಮುದ್ದೆ ಉಣ್ಣು. ಆಮೇಕೆ ನಿನ್ ಕಂಪ್ಯೂಟ್ರು."

ಅಕ್ಕ ನನ್ನ ಅಂಗಡಿಗೆ ಬಂದಿದ್ದ ಒಂದು ದಿನ, ವೆಬ್‌ಸೈಟಿಗೆ ದನಿ ಹಾಕುವುದು ಹೇಗೆ ಅಂತ ಪರೀಕ್ಷೆ ಮಾಡಲು ಹಿಡಿದದ್ದು ಅದು. ಆಗ ಆಲೂಗೆಡ್ಡೆಯವರ ಪುಟ ತೆರೆದಿತ್ತು, ಅದರಲ್ಲೇ ಹಾಕಿ ನೋಡಿ ತೆಗೆಯಲು ಮರೆತಿದ್ದೆ. ಒಟ್ಟು ನಲವತ್ತು ಸೆಕೆಂಡು. ಬೈದು ಮುಗಿಸಿ ಅಕ್ಕ ಹಾಡಲು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಸರಿಯಾಗಿ ಅಲ್ಲಿಗೆ ನಾನು ನಿಲ್ಲಿಸಿದ್ದೇನೆ. ಟೆಸ್ಟ್ ಮುಗಿದಿತ್ತಲ್ಲ.

ಹುಡುಗಿ ಅತ್ತಳು, ನಕ್ಕಳು, "ಇನ್ನೊಂದ್ ಸಲ ಒತ್ತು ಚಿಕ್ಕವ್ವ" ಎಂದಳು.

ಬುಧವಾರ ಅರಿಶಿನ ಹಚ್ಚುವಾಗ ಹಾಡಿನ ಬದಲು ಸ್ಪೀಕರಿನಲ್ಲಿ ಅದನ್ನೇ ಹಾಕಿಸಿದಳು. ನನಗೆ ಬೈದದ್ದು ಇಡೀ ಚಪ್ಪರಕ್ಕೆ ಬೈದಂತೆ ಕೇಳಿಸಿತು. 'ಏಳು, ಮೊದ್ಲು ಮುದ್ದೆ ಉಣ್ಣು' ಅಂದ ಕೂಡಲೇ ಅಕ್ಕನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಹೆಂಗಸರೆಲ್ಲ ದಡಬಡ ಎದ್ದು ಹೋಗಿ ಊಟದ ಪಂಕ್ತಿಯಲ್ಲಿ ಕುಳಿತರು. ಅಡುಗೆಯವನು ಸೌಟು ಹಿಡಿದು ಓಡಿ ಬಂದ.

"ಇನ್ನೂ ಅನ್ನ ಬೆಂದಿಲ್ಲ! ಯಾರ್ ನಿಮ್ಮುನ್ನ ಎಬ್ಬಿಸಿದ್ದು?"

"ಅಕ್ಕ ಕಣಣ್ಣ" ಅಂದಳು ಒಬ್ಬಳು.

ಅವನು ಎತ್ತಿದ ಸೌಟು ಕೆಳಗಿಳಿಸಿದ. "ಅಕ್ಕ ಯೋಳ್ತಾ? ಅಂಗಾದ್ರೆ ಎಲೆ ಆಕಿ, ಬಂದೆ" ಎಂದು ಒಳಗೆ ಓಡಿದ. ನಾನೂ ಎಲೆ ಮುಂದೆ ಕುಳಿತು ಉಂಡೆ. ಅಕ್ಕ ಅಂಗಡಿಗೆ ಬಂದು ಬೈದ ದಿನ ಉಣ್ಣದೇ ಬಿಟ್ಟಿದ್ದನ್ನು.

ಈಗ ನನ್ನದು ಅಂತ ಇರುವುದು ಬಸ್ ಸ್ಟ್ಯಾಂಡಿನ ಹಿಂದಿನ ಸ್ವಂತ ಮಳಿಗೆ, ಮೂರು ಕಂಪ್ಯೂಟರು, ನೀರಿನಿಂದ ದೂರ ಇಟ್ಟ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಹತ್ತೊಂಬತ್ತು ಸಂಘ ಮತ್ತು ನಲವತ್ತು ಸೆಕೆಂಡಿನ ಅಕ್ಕ. ಅಷ್ಟನ್ನೂ ಹಟದಿಂದಲೇ ಸಂಪಾದಿಸಿದೆ. ಅದೇ ಹಟಕ್ಕೆ ಅಕ್ಕನ ಎಂಟು ಹಾಡು ಹೋಯಿತು, ಅಕ್ಕನ ಜೊತೆ ಮಾತಿಲ್ಲದೆ ಮೂರು ವರ್ಷ ಹೋಯಿತು. ಅಣ್ಣ ಆಗಲ್ಲ ಅಂದದ್ದನ್ನೆಲ್ಲ ಮಾಡಿ ತೋರಿಸಿದೆ. ಅರಕಲಗೂಡಿಗೆ ಒಂದು ಫೋನ್ ಮಾಡುವುದು ನಿನ್ನ ಕೈಲಿ ಆಗಲ್ಲ ಅಂತ ಮಾತ್ರ ಅವನು ಹೇಳಿರಲಿಲ್ಲ. ಹೇಳಿದ್ದರೆ, ಅವನ ಮೇಲಿನ ಛಲಕ್ಕಾದರೂ ಮಾಡಿರುತ್ತಿದ್ದೆ.