ಹಾಲಿ ವ್ಯವಸ್ಥೆಗೆ ಹೊಂದುವ ಸಾಫ್ಟ್‌ವೇರ್

ಮದ್ದೂರಿನ ಹಸಿರುಸೀಮೆ ಸಹಕಾರ ಸಂಘವು ತನ್ನ ಡಿಪೋಗಳಿಗೆ ಗೊಬ್ಬರ, ಬಿತ್ತನೆ ಬೀಜ ಕಳಿಸುವ ಯೋಜನೆಗೆ ಒಂದು ಸಾಫ್ಟ್‌ವೇರ್ ಖರೀದಿಸತಕ್ಕದ್ದು ಎಂದೂ, ಸದರಿ ಸಾಫ್ಟ್‌ವೇರ್ ಸಂಘದ ಹಾಲಿ ವ್ಯವಸ್ಥೆಗೆ ಹೊಂದಿಕೊಂಡು ಕೆಲಸ ಮಾಡತಕ್ಕದ್ದು ಎಂದೂ ಆಡಳಿತ ಮಂಡಳಿಯು ಸರ್ವಾನುಮತದಿಂದ ನಿರ್ಣಯಿಸಿತು. ಹಾಲಿ ವ್ಯವಸ್ಥೆ ಯಾವುದು ಎಂಬುದು ಅಂದಿನ ಅಜೆಂಡಾದಲ್ಲಿ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ಟೆಂಡರಿಗೆ ಮೂರು ಕಂಪನಿಗಳು ಬಂದವು. ಒಂದು ಕಂಪನಿಯ ಎಂಜಿನಿಯರ್ ದೀಪಿಕ ಮಾತ್ರ ಕೇಳಿದಳು: "ಚಿಕ್ಕರಸಿನಕೆರೆ ಡಿಪೋಗೆ ಎಷ್ಟು ಯೂರಿಯಾ ಅಂತ ಹೇಗೆ ನಿರ್ಧರಿಸ್ತೀರಿ?"

ವ್ಯವಸ್ಥಾಪಕ ಶಶಿಧರ್ ಕಂಪ್ಯೂಟರ್ ತೋರಿಸಿದರು. ಅದಕ್ಕೆ ಅಂಕಿ ತುಂಬುವ ಗುಮಾಸ್ತ ಪುಟ್ಟಸ್ವಾಮಿ ದಾಸ್ತಾನು ಪುಸ್ತಕ ತೋರಿಸಿದರು. ಪುಸ್ತಕದಲ್ಲಿ ಬರೆಯುವ ಮುನ್ನ ಯಾರನ್ನು ಕೇಳುತ್ತೀರಿ ಎಂದಾಗ, ಅವರು ಗೋಡೌನಿನಲ್ಲಿ ಕಸ ಗುಡಿಸುತ್ತಿದ್ದ ಮಲ್ಲಿಗಮ್ಮನನ್ನು ತೋರಿಸಿದರು. ಮೂವತ್ತೊಂದು ವರ್ಷದ ಸೇವೆ. ತಿಂಗಳ ಕೊನೆಗೆ ನಿವೃತ್ತಿ.

"ಚಿಕ್ಕರಸಿನಕೆರೆಗೆ ಈಗ್ಲೇ ಬ್ಯಾಡ ಕಣಮ್ಮ," ಎಂದಳು ಮಲ್ಲಿಗಮ್ಮ. "ನಾಲೆ ನೀರು ಇನ್ನೂ ಅಲ್ಲೀಗಂಟ ಓಗಿಲ್ಲ. ಬೆಳಕವಾಡಿ ಕಡೆ ನಾಟಿ ಮುಗೀತಾ ಬಂತು, ಮೊದ್ಲು ಅಲ್ಲಿಗೆ ಕಳ್ಸಿ."

"ನಿಮಗೆ ಹೇಗೆ ಗೊತ್ತು?"

"ಬಸ್ಸಲ್ಲಿ ಬತ್ತೀನಲ್ಲ. ಜನ ಮಾತಾಡ್ತರೆ."

ದೀಪಿಕ 'ಮಾಹಿತಿಯ ಮೂಲ: ಬಸ್ಸು' ಎಂದು ಬರೆದುಕೊಂಡಳು.

ಪರೀಕ್ಷೆಯ ದಿನ ಒಂದು ಸಾಫ್ಟ್‌ವೇರ್, ಸೈಟುಗಳಾಗಿ ಎರಡು ವರ್ಷವಾದ ಗದ್ದೆಗಳಿಗೆ ನಲವತ್ತು ಚೀಲ ಯೂರಿಯಾ ಕಳಿಸಿತು. ಇನ್ನೊಂದು, ಮಲ್ಲಿಗಮ್ಮ ಬೇಡವೆಂದ ಊರಿಗೇ ಲಾರಿ ಹೊರಡಿಸಿತು. ಹಾಲಿ ವ್ಯವಸ್ಥೆಗೆ ಎದುರುತ್ತರ ಕೊಟ್ಟ ಕಾರಣ ಎರಡೂ ತಿರಸ್ಕೃತವಾದವು. ದೀಪಿಕಳ ಸಾಫ್ಟ್‌ವೇರಿನಲ್ಲಿ ಒಂದೇ ಖಾಲಿ ಚೌಕವಿತ್ತು: 'ಮಲ್ಲಿಗಮ್ಮ ಏನಂದರು?' ಅದನ್ನು ತುಂಬಿ ಗುಂಡಿ ಒತ್ತಿದರೆ ಅದೇ ಉತ್ತರ ಮೂರು ಬಣ್ಣಗಳಲ್ಲಿ ಬರುತ್ತಿತ್ತು. ಹೊಂದಾಣಿಕೆ ಶೇಕಡಾ ನೂರು ಎಂದು ಮಂಡಳಿ ದಾಖಲಿಸಿತು.

ದೀಪಿಕಳ ಕಂಪನಿಯ ಜೊತೆ ಮಾಡಿಕೊಂಡ ಕರಾರಿನ ಒಂಬತ್ತನೇ ಷರತ್ತಿನಂತೆ ಹಾಲಿ ವ್ಯವಸ್ಥೆಯನ್ನು ಐದು ವರ್ಷ ಬದಲಿಸುವಂತಿರಲಿಲ್ಲ. ಶಶಿಧರ್ ಮಲ್ಲಿಗಮ್ಮನನ್ನು ಕರೆಸಿದರು.

"ನಿಮ್ಮ ನಿವೃತ್ತಿ ಆಗಲ್ಲ, ಮಲ್ಲಿಗಮ್ಮ."

"ಯಾಕ್ ಸಾ?"

"ನಿವೃತ್ತಿ ಇರೋದು ನೌಕರರಿಗೆ. ನೀವೀಗ ವ್ಯವಸ್ಥೆ."

ಮಲ್ಲಿಗಮ್ಮ ಅಲ್ಲೇ ಇದ್ದ ಗೊಬ್ಬರದ ಚೀಲದ ಮೇಲೆ ಕುಳಿತಳು. ಮಳವಳ್ಳಿಯಲ್ಲಿ ಮಗಳು ವನಜಾ ಹೆತ್ತು ಒಂಬತ್ತು ದಿನವಾಗಿತ್ತು. ಒಂದನೇ ತಾರೀಕು ಬರುತ್ತೇನೆಂದು ಮಾತು ಕೊಟ್ಟಿದ್ದಳು. ಸೀರೆಗಳನ್ನು ಗಂಟು ಕಟ್ಟಿಯೂ ಆಗಿತ್ತು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಕೇಳಿದಳು:

"ನಾನು ಇದ್ದ ಕಡೆ ವ್ಯವಸ್ಥೆ ಇರ್ತದಾ, ವ್ಯವಸ್ಥೆ ಇದ್ದ ಕಡೆ ನಾನಿರಬೇಕಾ ಸಾ?"

ಶಶಿಧರ್ ಕರಾರನ್ನು ಎರಡು ಸಲ ಓದಿದರು. ಅದರಲ್ಲಿ ಸ್ಥಳದ ಪ್ರಸ್ತಾಪವಿರಲಿಲ್ಲ.

"ಅಂಗಾರೆ ವ್ಯವಸ್ಥೆ ಮಳವಳ್ಳಿಗೆ ಓಯ್ತದೆ," ಎಂದಳು ಮಲ್ಲಿಗಮ್ಮ.

ಒಂದನೇ ತಾರೀಕು ಕಂಪ್ಯೂಟರ್, ಪ್ರಿಂಟರ್ ಹಾಗೂ ಪುಟ್ಟಸ್ವಾಮಿಯನ್ನು ವನಜಾಳ ಮನೆಯ ಜಗಲಿಗೆ ಸ್ಥಳಾಂತರಿಸಲಾಯಿತು. ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: 'ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕಾರ್ಯ ಇರುವುದರಿಂದ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಸರ್ವರ್ ಲಭ್ಯವಿರುವುದಿಲ್ಲ.'

ಗೊಬ್ಬರ ಕೇಳಲು ಬಂದ ಬೆಳಕವಾಡಿಯ ಕರಿಯಯ್ಯ ಅದನ್ನು ಓದಿ, ಚಪ್ಪಲಿ ಬಿಟ್ಟು ಮೆಲ್ಲಗೆ ಜಗಲಿ ಹತ್ತಿದ.

"ಮಗ ಮಲಗ್ತಾ?"

"ಈಗ ತಾನೆ," ಎಂದರು ಪುಟ್ಟಸ್ವಾಮಿ, ತೊಟ್ಟಿಲ ಹಗ್ಗ ಎಳೆಯುತ್ತ.

"ನಿಧಾನಕ್ಕೆ ಆಗ್ಲಿ ಬುಡಿ," ಎಂದು ಕರಿಯಯ್ಯ ಗೊಬ್ಬರಕ್ಕೆಂದು ಕೈಯಲ್ಲಿ ಹಿಡಿದಿದ್ದ ಆಧಾರ್ ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಹಗ್ಗಕ್ಕೆ ಕೈ ಚಾಚಿದ.